ಅಪ್ಪನ್ನ ಕಿಡ್ನಿ ಸ್ಟಡಿಗೆ ಸೇರ್ಸ್ಕೊಳ್ತೀವಿ ಅಂತಿದಾರೆ, ಸೈನ್ ಹಾಕ್ಸೋದಾ ಬೇಡ್ವಾ?

ಶ್ರೀನಗರ_ಬಸ್‌ಸ್ಟಾಪ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೈಕೋಬೇಡಿ.

ನಮ್ಮಪ್ಪಂಗೆ 62. ಬಸ್ ಡ್ರೈವರ್ ಆಗಿ ರಿಟೈರ್ ಆದ್ರು. ಶುಗರ್ ಬಂದು 13 ವರ್ಷ, ಬಿಪಿ ಅದರ ಹಿಂದೇನೇ ಬಂತು. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್, ರಾತ್ರಿ ಒಂದು ಕೊಲೆಸ್ಟ್ರಾಲ್ ಮಾತ್ರೆ, ಇಷ್ಟು ನಡೀತಿದೆ. ಇಷ್ಟು ವರ್ಷ ಮನೆ ಹತ್ರದ ಕ್ಲಿನಿಕ್ಕಲ್ಲಿ ಫಾಸ್ಟಿಂಗ್ ಪಿಪಿ ನೋಡೋದು, ಚೀಟಿ ಬರ್ಕೊಡೋದು, ಅಷ್ಟೇ. ಹೋದ್ ತಿಂಗ್ಳು ಸಂಜೆ ಹೊತ್ತು ಕಾಲು ಊದ್ಕೊಳತ್ತೆ ಅಂತ ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋದೆ. ಯೂರಿನ್ ಎಸಿಆರ್ ಅಂತ, ಮೂತ್ರದಲ್ಲಿ ಪ್ರೋಟೀನ್ ಎಷ್ಟು ಹೋಗ್ತಿದೆ ಅಂತ ನೋಡೋ ಟೆಸ್ಟ್, ಮಾಡ್ಸಿದ್ರು, 340 ಬಂತು, ಕಿಡ್ನಿ ಕೆಲ್ಸ ತೋರ್ಸೋ ಕ್ರಿಯಾಟಿನಿನ್ 1.4, ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ 8.6. "ಕಿಡ್ನಿ ಜರಡಿಯಿಂದ ಪ್ರೋಟೀನ್ ಸೋರ್ತಿದೆ" ಅಂದ್ರು ಡಾಕ್ಟ್ರು. 13 ವರ್ಷದಲ್ಲಿ ಈ ಯೂರಿನ್ ಟೆಸ್ಟ್ ಒಂದ್ಸಲಾನೂ ಯಾರೂ ಮಾಡ್ಸಿರ್ಲಿಲ್ಲ, ಅದ್ ಬೇರೆ ಸಂಕಟ.

ಈಗ ವಿಷ್ಯ ಏನಂದ್ರೆ ಅಲ್ಲೇ ಒಂದು ಸ್ಟಡಿ ನಡೀತಿದ್ಯಂತೆ, ಶುಗರಿಂದ ಕಿಡ್ನಿ ತೊಂದ್ರೆ ಆದೋರ್ಗೆ ಒಂದು ಹೊಸ ಮಾತ್ರೆ, ಸೇರ್ತೀರಾ ಅಂತ ಕೇಳಿದ್ರು. 14 ಪೇಜಿನ ಪೇಪರ್ ಕೊಟ್ಟಿದಾರೆ, ಕನ್ನಡದಲ್ಲೇ ಇದೆ, ಆದ್ರೆ ಅದೆಂಥ ಕನ್ನಡ ಸ್ವಾಮಿ! "ಯಾದೃಚ್ಛಿಕ ಹಂಚಿಕೆ", "ದ್ವಿ-ಅಂಧ ವಿಧಾನ", "ನಿಷ್ಕ್ರಿಯ ಔಷಧ". ಅಪ್ಪ ಕನ್ನಡಕ ಹಾಕ್ಕೊಂಡು ಜೋರಾಗಿ ಓದ್ತಿದ್ರು, ದ್ವಿ-ಅಂಧ ಅಂದ ತಕ್ಷಣ ಅಮ್ಮ ಅಡುಗೆಮನೆಯಿಂದ "ಎರಡೂ ಕಣ್ಣು ಹೋಗತ್ತಾ?" ಅಂತ ಓಡ್ಬಂದ್ರು. ನಗು ಬಂದ್ರೂ ಒಳಗೆ ಭಯ ಆಯ್ತು ನಂಗೆ.

ಭಾವ ಹೇಳ್ತಾರೆ ಇಲಿ ಮೇಲೆ ಮಾಡೋದನ್ನ ಮಾವನ ಮೇಲೆ ಮಾಡ್ತಿದಾರೆ ಅಂತ. ಇದ್ರ ಮಧ್ಯೆ ನಮ್ ಸೋದರಮಾವ ಒಂದು ಫಾರ್ವರ್ಡ್ ಕಳ್ಸಿದಾರೆ, ಅಮೆರಿಕದಲ್ಲಿ ಶುಗರ್ ಜಾಸ್ತಿ ಇಳ್ಸಿದೋರು ಸತ್ತೋದ್ರು, ಸ್ಟಡೀನೇ ನಿಲ್ಲಿಸ್ಬಿಟ್ರು ಅಂತ. ಅದನ್ನ ಓದಿ ಅಪ್ಪ ಹತ್ತು ದಿನದಿಂದ ಗ್ಲಿಮಿಪಿರೈಡ್ ನುಂಗ್ತಿಲ್ಲ, ನಂಗೆ ನಿನ್ನೆ ಗೊತ್ತಾಯ್ತು. ಆ ಫಾರ್ವರ್ಡ್ ನಿಜಾನಾ? ಮತ್ತೆ ಸ್ಟಡಿಗೆ ಸೇರ್ಸೋದಾ? ಗೊತ್ತಿರೋರು ಹೇಳಿ ದಯವಿಟ್ಟು.


ಕಡ್ಲೆಪುರಿ_ಕೃಷ್ಣ:

ಬೇಡ ಗುರು. ಫ್ರೀಯಾಗಿ ಕೊಡೋದು ಯಾವ್ದೂ ಫ್ರೀ ಇರಲ್ಲ. ದಿನಾ ಬೆಳಿಗ್ಗೆ ಮಧುನಾಶಿನಿ ಎಲೆ ನಾಲ್ಕು ಅಗಿಯೋಕ್ ಹೇಳಿ, ನಮ್ ದೊಡ್ಡಪ್ಪಂಗೆ ಅದ್ರಿಂದಾನೇ ಇಳೀತು.


ಬಿಳಿಕೋಟು_ಅಲ್ಲದ_ಅಕ್ಕ:

ನಾನು ಆರು ವರ್ಷ ಸ್ಟಡಿ ಕೋಆರ್ಡಿನೇಟರ್ ಆಗಿ ಕೆಲ್ಸ ಮಾಡಿದೀನಿ, ಈಗ ಬಿಟ್ಟಿದೀನಿ, ಹಾಗಾಗಿ ಯಾರ ಪರವಾಗೂ ಮಾತಾಡ್ಬೇಕಿಲ್ಲ. ತಮ್ಮಾ, ಮೊದ್ಲು ಅಮ್ಮಂಗೆ ಹೇಳು ಕಣ್ಣಿಗೇನೂ ಆಗಲ್ಲ ಅಂತ. ದ್ವಿ-ಅಂಧ ಅಂದ್ರೆ ಡಬಲ್ ಬ್ಲೈಂಡ್. ಅಪ್ಪಂಗೆ ಸಿಕ್ಕಿರೋದು ಹೊಸ ಮಾತ್ರೆನೋ ಅದೇ ಥರ ಕಾಣೋ, ಔಷಧಿನೇ ಇಲ್ದಿರೋ ಸಪ್ಪೆ ಮಾತ್ರೆನೋ ಅಂತ ಅಪ್ಪಂಗೂ ಗೊತ್ತಿರಲ್ಲ, ನೋಡೋ ಡಾಕ್ಟ್ರಿಗೂ ಗೊತ್ತಿರಲ್ಲ. ಗೊತ್ತಿದ್ರೆ ಇಬ್ರೂ "ಹೂಂ ಈಗ ಚೆನ್ನಾಗಿದೆ" ಅನ್ಕೊಂಡ್ಬಿಡ್ತಾರಲ್ಲ, ಅದಕ್ಕೆ. ಯಾದೃಚ್ಛಿಕ ಅಂದ್ರೆ ಚೀಟಿ ಎತ್ತಿದಂಗೆ, ಯಾರಿಗೆ ಯಾವ್ದು ಅಂತ ಕಂಪ್ಯೂಟರ್ ಹಾಕತ್ತೆ, ಡಾಕ್ಟ್ರು ತನಗೆ ಬೇಕಾದೋರ್ಗೆ ಒಳ್ಳೇದು ಕೊಡೋಹಾಗಿಲ್ಲ. ಆ ಪೇಪರ್ ಭಾಷಾಂತರ ಮಾಡೋರಿಗೂ ನಮಗೂ ದಿನಾ ಜಗಳ ಆಗೋದು ಬಿಡು. ಒಂದ್ಸಲ ಅಜ್ಜಿಯೊಬ್ರು ಪೂರ್ತಿ ಕೇಳ್ಬಿಟ್ಟು "ಇದು ಯಾರ ವೈಕುಂಠ ಸಮಾರಾಧನೆ ಪತ್ರಿಕೆ?" ಅಂದಿದ್ರು.

ಇಲಿ ಮಾತಿಗೆ ಬರ್ತೀನಿ. ಜನರ ಹತ್ರ ಬರೋ ಹೊತ್ತಿಗೆ ಇಲಿ ಹಂತ ಎಲ್ಲ ಮುಗಿದಿರತ್ತೆ. ಆದ್ರೂ ಅಪಾಯ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ, ಹಂಗೆ ಹೇಳೋರನ್ನ ನಂಬ್ಬೇಡ. ನೀನು ಕೈಲಿ ಪೇಪರ್ ಹಿಡ್ಕೊಂಡು ನೋಡ್ಬೇಕಾಗಿದ್ದು ಇಷ್ಟು. ಸಿಟಿಆರ್‌ಐ ನಂಬರ್ ಇದ್ಯಾ, ಅದು ಸರ್ಕಾರದ ರಿಜಿಸ್ಟ್ರಿ, 2007ರಲ್ಲಿ ಶುರುವಾಗಿದ್ದು, 2009ರ ಜೂನಿಂದ ಇಲ್ಲಿ ಯಾವ್ದೇ ಹೊಸ ಔಷಧಿ ಟ್ರಯಲ್ ಮಾಡಿದ್ರೂ ಅಲ್ಲಿ ನೋಂದಾಯಿಸ್ಲೇಬೇಕು. ಆ ನಂಬರ್ ಹಾಕಿದ್ರೆ ಯಾರು ದುಡ್ಡು ಹಾಕಿದಾರೆ, ಎಷ್ಟು ಜನ, ಯಾವ್ಯಾವ ಊರು ಎಲ್ಲ ಮನೇಲೇ ಕೂತ್ಕೊಂಡು ನೋಡ್ಬೋದು. ಆಮೇಲೆ ಎಥಿಕ್ಸ್ ಕಮಿಟಿ, ಅಂದ್ರೆ ಸ್ಟಡಿಗೆ ಸೇರೋರ ಹಿತ ನೋಡ್ಕೊಳ್ಳೋ ಸಮಿತಿ, ಅವರ ಫೋನ್ ನಂಬರ್ ಪೇಪರಲ್ಲಿ ಇರತ್ತೆ, ಇಲ್ಲ ಅಂದ್ರೆ ಎದ್ದು ಬಂದ್ಬಿಡಿ. ಸರ್ಕಾರದ 2019ರ ಟ್ರಯಲ್ ರೂಲ್ಸ್ ಪ್ರಕಾರ ಸ್ಟಡಿಯಿಂದ ಏನಾದ್ರೂ ಪೆಟ್ಟಾದ್ರೆ ಚಿಕಿತ್ಸೆ ಅವ್ರೇ ಕೊಡ್ಬೇಕು, ಪರಿಹಾರಾನೂ ಕೊಡ್ಬೇಕು. ಯಾವಾಗ ಬೇಕಾದ್ರೂ ಬಿಟ್ಟು ಬರ್ಬೋದು, ಬಿಟ್ರೆ ಮಾಮೂಲಿ ಟ್ರೀಟ್‌ಮೆಂಟಿಗೆ ಏನೂ ತೊಂದ್ರೆ ಆಗ್ಬಾರ್ದು.

ಇನ್ನೊಂದು, ಪೇಪರನ್ನ ಮನೆಗೆ ತಂದು ಓದೋಕೆ ಬಿಟ್ಟಿದಾರೆ ಅಂದ್ರೆ ಅರ್ಧ ಒಳ್ಳೇ ಲಕ್ಷಣ. ಅಲ್ಲೇ ನಿಂತ್ಕೊಂಡು ಇಲ್ಲಿ ಸೈನ್ ಅಲ್ಲಿ ಸೈನ್ ಅಂತ ಆತುರ ಮಾಡೋರ ಹತ್ರ ಹೋಗ್ಬಾರ್ದು.


ಲೆಕ್ಕದ_ಮೇಷ್ಟ್ರು_ಜಯನಗರ:

ನಾನು ಡಾಕ್ಟರ್ ಅಲ್ಲ, ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡ್ತಿದ್ದೆ, ನಮ್ಮನೆಯೋರಿಗೆ ಶುಗರ್ ಇಂದಾನೇ ಕಿಡ್ನಿ ತೊಂದ್ರೆ ಆಗಿದ್ದಕ್ಕೆ ಈ ಪೇಪರುಗಳನ್ನೆಲ್ಲ ಕೂತು ಓದಿದೀನಿ. ನಿಮ್ಮ ಸೋದರಮಾವನ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಅದೇ ತೊಂದ್ರೆ. ಪೂರ್ತಿ ಸುಳ್ಳಾಗಿದ್ರೆ ತಳ್ಳಿಹಾಕೋದು ಸುಲಭ ಇತ್ತು.

ಅದು ಅಕಾರ್ಡ್ ಅನ್ನೋ ಸ್ಟಡಿ. ಅಮೆರಿಕ, ಕೆನಡಾದಲ್ಲಿ 10,251 ಜನ, ಸರಾಸರಿ ವಯಸ್ಸು 62, ನಿಮ್ಮ ತಂದೆಯವ್ರ ವಯಸ್ಸೇ. ಎಲ್ರೂ ಮೊದ್ಲೇ ಹೃದಯದ ಕಾಯಿಲೆ ಇದ್ದೋರು ಇಲ್ಲಾ ಬರೋ ಸಾಧ್ಯತೆ ಜಾಸ್ತಿ ಇದ್ದೋರು. ಒಂದು ಗುಂಪಿಗೆ ಎಚ್‌ಬಿಎ1ಸಿ 6ಕ್ಕಿಂತ ಕೆಳಗೆ ಇಳಿಸ್ಲೇಬೇಕು ಅಂತ ಔಷಧಿ ಮೇಲೆ ಔಷಧಿ ಹಾಕಿದ್ರು, ಇನ್ನೊಂದು ಗುಂಪಿಗೆ 7ರಿಂದ 7.9 ಇದ್ರೆ ಸಾಕು ಅಂದ್ರು. ಮೂರೂವರೆ ವರ್ಷದಲ್ಲಿ ಮೊದಲ್ನೇ ಗುಂಪಲ್ಲಿ 257 ಸಾವು, ಎರಡ್ನೇದ್ರಲ್ಲಿ 203. 2008ರ ಫೆಬ್ರವರೀಲಿ ಆ ಬಿಗಿ ಚಿಕಿತ್ಸೆ ನಿಲ್ಲಿಸಿದ್ರು. ಇಷ್ಟು ನಿಜ.

ಈಗ ನೋಡಿ, ನಿಮ್ಮ ತಂದೆಯವ್ರದ್ದು 8.6. ಆ ಸ್ಟಡೀಲಿ ಸಡಿಲ ಬಿಟ್ಟ ಗುಂಪಿಗಿಂತಾನೂ ಮೇಲಿದಾರೆ! 6ಕ್ಕೆ ಇಳಿಸೋಕ್ ಹೋದ್ರೆ ಏನಾಗತ್ತೆ ಅಂತ ಹೇಳೋ ಸ್ಟಡೀನ ಓದ್ಬಿಟ್ಟು 8.6 ಇರೋರು ಮಾತ್ರೆ ಬಿಡೋದು ಅಂದ್ರೆ, ಮೈಸೂರ್ ರೋಡಲ್ಲಿ ನೂರಾ ಇಪ್ಪತ್ತರಲ್ಲಿ ಹೋದೋನು ಗುದ್ದಿದ ಅಂತ ಸುದ್ದಿ ಓದಿ ನಾನು ಗಾಡೀನ ಮೊದಲ್ನೇ ಗೇರಿಂದ ಎತ್ತಲ್ಲ ಅಂದಂಗಾಯ್ತು. ಅವ್ರು ಡ್ರೈವರ್ರು, ಹಿಂಗೇ ಹೇಳಿ ಅರ್ಥ ಆಗತ್ತೆ. ಅದೇ ವರ್ಷ ಬಂದ ಅಡ್ವಾನ್ಸ್ ಅನ್ನೋ ಸ್ಟಡೀಲಿ 11,140 ಜನ ಇದ್ರು, 6.5ಕ್ಕೆ ನಿಧಾನವಾಗಿ ಇಳಿಸಿದ್ರು, ಸಾವು ಜಾಸ್ತಿ ಆಗ್ಲಿಲ್ಲ, ಕಿಡ್ನಿ ತೊಂದ್ರೆ ಕಮ್ಮಿ ಆಯ್ತು. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಗ್ಲಿಮಿಪಿರೈಡ್ ವಿಷ್ಯ ಮಾತ್ರ ಡಾಕ್ಟ್ರನ್ನ ಕೇಳಿ ಶುರುಮಾಡ್ಸಿ, ಕಿಡ್ನಿ ಸೊರಗಿದಾಗ ಆ ಜಾತಿ ಮಾತ್ರೆಯಿಂದ ಲೋ ಶುಗರ್ ಆಗೋದು ಜಾಸ್ತಿ, ಡೋಸ್ ಬದಲಾಯಿಸ್ಬೋದು.

ನಾನು ಯಾವ ಸ್ಟಡಿ ಓದಿದ್ರೂ ಮೊದ್ಲು ರಿಸಲ್ಟ್ ನೋಡಲ್ಲ, ಅದ್ರಲ್ಲಿ ಯಾರಿದ್ರು ಅಂತ ನೋಡ್ತೀನಿ. ನಮ್ಮನೆಯೋರಂಥೋರು ಇದ್ರಾ ಇಲ್ವಾ. ಶುಗರ್ ಸ್ಟಡಿ ಅಂದ್ರೆ ಎಲ್ರೂ ಹೇಳೋದು ಬ್ರಿಟನ್ನಿನ ಯುಕೆಪಿಡಿಎಸ್, 1977ರಲ್ಲಿ ಶುರುವಾಗಿ 1998ರಲ್ಲಿ ರಿಸಲ್ಟ್ ಬಂದಿದ್ದು, 5,102 ಜನ. ಅವ್ರೆಲ್ಲ ಆಗಷ್ಟೇ ಶುಗರ್ ಬಂದೋರು. ಎಚ್‌ಬಿಎ1ಸಿ 7.9ರ ಬದ್ಲು 7.0 ಇಟ್ಕೊಂಡ್ರೆ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳದ ತೊಂದ್ರೆ 25% ಕಮ್ಮಿ ಅಂತ ಬಂತು. 25% ಅಂದ್ರೆ ಕೇಳೋಕೆ ಭಾರೀ, ಬಿಡಿಸಿ ನೋಡಿದ್ರೆ ವರ್ಷಕ್ಕೆ ಸಾವಿರ ಜನರಲ್ಲಿ 11.4 ಇದ್ದಿದ್ದು 8.6 ಆಗಿದ್ದು. ಕ್ಲಾಸಲ್ಲಿ ನಾನು ಇದನ್ನೇ ಬೋರ್ಡ್ ಮೇಲೆ ಬರೀತಿದ್ದೆ, ಹುಡುಗ್ರು ಇಷ್ಟೇನಾ ಅನ್ನೋರು. ಇಷ್ಟೇ, ಆದ್ರೆ ವರ್ಷ ವರ್ಷ ಸೇರತ್ತೆ. ಸ್ಟಡಿ ಮುಗಿದ್ಮೇಲೆ ಎರಡು ಗುಂಪಿನ ಶುಗರೂ ಒಂದೇ ಸಮ ಆಗೋಯ್ತು, ಹತ್ತು ವರ್ಷ ಬಿಟ್ಟು 2008ರಲ್ಲಿ ನೋಡಿದ್ರೆ ಮೊದ್ಲು ಬಿಗಿಯಾಗಿಟ್ಕೊಂಡೋರ್ಗೆ ಲಾಭ ಹಂಗೇ ಉಳ್ದಿತ್ತು. ಈಗಷ್ಟೇ ಶುಗರ್ ಬಂದಿರೋ ಹುಡುಗ್ರು ಯಾರಾದ್ರೂ ಇದನ್ನ ಓದ್ತಿದ್ರೆ ನಿಮಗೆ ಇದು.

ನಿಮ್ಮ ತಂದೆಯವ್ರಿಗೆ ಹತ್ರ ಆಗೋದು ಕ್ರೆಡೆನ್ಸ್ ಅನ್ನೋ ಸ್ಟಡಿ, 2019. 4,401 ಜನ, ಎಲ್ರಿಗೂ ಶುಗರ್, ಎಲ್ರಿಗೂ ಎಸಿಆರ್ 300ಕ್ಕಿಂತ ಜಾಸ್ತಿ, ಎಲ್ರೂ ಟೆಲ್ಮಿಸಾರ್ಟನ್ ಥರದ್ದು ನುಂಗ್ತಿದ್ದೋರೇ, ಸರಾಸರಿ 63 ವರ್ಷ. ತಂದೆಯವ್ರ ಜಾತಕಾನೇ ಬರ್ದಿಟ್ಟಂಗಿದೆ. ಅದ್ರ ಮೇಲೆ ಕೆನಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಕೊಟ್ಟಾಗ, ಡಯಾಲಿಸಿಸ್ಸಿಗೆ ಬರೋದು, ಕ್ರಿಯಾಟಿನಿನ್ ಎರಡ್ ಪಟ್ಟಾಗೋದು, ಕಿಡ್ನಿ ಇಲ್ಲಾ ಹೃದಯದಿಂದ ಸಾಯೋದು, ಇವೆಲ್ಲ ಸೇರಿ ವರ್ಷಕ್ಕೆ ಸಾವಿರಕ್ಕೆ 61 ಇದ್ದಿದ್ದು 43ಕ್ಕೆ ಇಳೀತು. ಲಾಭ ಎಷ್ಟು ಸ್ಪಷ್ಟ ಇತ್ತು ಅಂದ್ರೆ ಸ್ಟಡೀನ ಬೇಗ ಮುಗಿಸಿದ್ರು. ಇದೂ "ಸ್ಟಡೀನೇ ನಿಲ್ಲಿಸ್ಬಿಟ್ರು", ಮಾವಂಗೆ ಇದನ್ನ ಕಳ್ಸಿ! ಮಾರ್ನೇ ವರ್ಷ ಅದೇ ಜಾತಿಯ ಡಪಾಗ್ಲಿಫ್ಲೋಜಿನ್ ಮೇಲೆ ಡಾಪಾ-ಸಿಕೆಡಿ ಅಂತ ಬಂತು, 4,304 ಜನ, ಅದ್ರಲ್ಲಿ ಶುಗರ್ ಇಲ್ದೇ ಕಿಡ್ನಿ ಹಾಳಾದೋರೂ ಇದ್ರು, ಅವ್ರಿಗೂ ಕೆಲ್ಸ ಮಾಡ್ತು. ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಇಲ್ಲಿ ಮುಗಿದು ಈಗ ಹತ್ತಾರು ಕಂಪ್ನಿ ಮಾಡ್ತವೆ.

ನಾನಾಗಿದ್ರೆ ಸ್ಟಡಿಯವ್ರನ್ನ ಕೇಳ್ತಿದ್ದ ಮೊದಲ್ನೇ ಪ್ರಶ್ನೆ ಇದು: ಈ ಗ್ಲಿಫ್ಲೋಜಿನ್ ಮಾತ್ರೆ ನಮ್ಮ ತಂದೆಗೆ ಇನ್ನೂ ಶುರುವೇ ಆಗಿಲ್ಲ, ಸ್ಟಡಿಗೆ ಸೇರಿದ್ರೆ ಅದನ್ನ ಕೊಟ್ಟು ಅದ್ರ ಮೇಲೆ ಹೊಸದು ಹಾಕ್ತೀರೋ, ಇಲ್ಲಾ ಅದನ್ನ ತಡೆಹಿಡೀತೀರೋ? ಸಪ್ಪೆ ಮಾತ್ರೆ ಗುಂಪಿಗೆ ಬಿದ್ರೂ ಈಗಾಗ್ಲೇ ಗೊತ್ತಿರೋ ಒಳ್ಳೇ ಚಿಕಿತ್ಸೆ ಸಿಗ್ಲೇಬೇಕು.


ಬಿಳಿಕೋಟು_ಅಲ್ಲದ_ಅಕ್ಕ:

ಮೇಷ್ಟ್ರು ಹೇಳಿದ ಪ್ರಶ್ನೆ ಖಂಡಿತ ಕೇಳು. ಸೇರಿಸ್ತಿದೀನಿ, ಗ್ಲಿಫ್ಲೋಜಿನ್ ಶುರುವಾದ್ರೆ ಮೂತ್ರದ ಜಾಗ ಸ್ವಚ್ಛ ಇಟ್ಕೋಬೇಕು, ಫಂಗಸ್ ತುರಿಕೆ ಬರತ್ತೆ. ಮತ್ತೆ ಏಕಾದಶಿ ಶಿವರಾತ್ರಿ ಅಂತ ನಿರಾಹಾರ ಉಪವಾಸ ಮಾಡೋ ಅಭ್ಯಾಸ ಇದ್ರೆ ಡಾಕ್ಟ್ರಿಗೆ ಮೊದ್ಲೇ ಹೇಳ್ಬೇಕು. ಊಟ ಬಿಟ್ಟಾಗ ಈ ಮಾತ್ರೇಲಿ ಶುಗರ್ ನಾರ್ಮಲ್ ತೋರ್ಸ್ತಾನೇ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರ್ಬೋದು, ವಾಂತಿ, ಏದುಸಿರು ಬಂದ್ರೆ ಎಮರ್ಜೆನ್ಸಿ. ನಮ್ ಜನ ಉಪವಾಸನ ಕಾಯಿಲೆ ಲಿಸ್ಟಲ್ಲಿ ಹೇಳೋದೇ ಇಲ್ಲ.


ಆಟೋ_4ನೇ_ಬ್ಲಾಕ್:

ಅಣ್ಣಾ ನಾನು ಸ್ಟಡಿಗೆ ಸೇರಿದೋನೇ, ಅದಕ್ಕೆ ಬರೀತಿದೀನಿ. ನಮ್ದು ಔಷಧಿ ಸ್ಟಡಿ ಅಲ್ಲ, ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಎಂಡಿ ಓದ್ತಿರೋ ಹುಡುಗಿ ಥೀಸಿಸ್‌ಗೆ ಅಂತ ಶುಗರ್ ಪೇಷೆಂಟ್‌ಗಳನ್ನ ಹಿಡ್ಕೊಂಡು ಚೆಕ್ ಮಾಡ್ತಿದ್ರು, ಕಣ್ಣು ಕಿಡ್ನಿ ನರ ಯಾರ್ಗೆ ಎಷ್ಟು ಹಾಳಾಗಿದೆ ಅಂತ. ನಾನು ಓಪಿಡಿ ಕ್ಯೂನಲ್ಲಿ ನಿಂತಿದ್ದೆ, ಬಾಡಿಗೆ ಹೋಗ್ತಿದೆ ಬಿಡಿ ಮೇಡಂ ಅಂದೆ, ಹತ್ತು ನಿಮ್ಷ ಅಂದ್ರು. ಮಂಚದ ಮೇಲೆ ಮಲಗ್ಸಿ ಕಣ್ಮುಚ್ಚೋಕ್ ಹೇಳಿ ಒಂದು ನೈಲಾನ್ ಎಳೆ, ಮೀನು ಗಾಳದ ದಾರ ಇರತ್ತಲ್ಲ ಆ ಥರದ್ದು, ಅದನ್ನ ಪಾದಕ್ಕೆ ಒತ್ತಿ ಒತ್ತಿ ಮುಟ್ಟಿದಾಗ ಹೇಳಿ ಅಂದ್ರು. ನಾನು ಶುರು ಮಾಡಿ ಮೇಡಂ ಅಂತ ಕಾಯ್ತಾ ಮಲಗಿದೀನಿ, ಅವ್ರು ಬಲಗಾಲು ಮುಗಿಸ್ಬಿಟ್ಟಿದ್ರು.

ಆವಾಗ ಹೊಳೀತು. ಅದಕ್ಕೆ ಆರು ತಿಂಗಳ ಮುಂಚೆಯಿಂದ ಚಪ್ಪಲಿ ಕಾಲಿಂದ ಜಾರಿ ಬಿದ್ದೋಗ್ತಿತ್ತು, ನಾಲ್ಕು ಹೆಜ್ಜೆ ಬರೀ ಕಾಲಲ್ಲಿ ನಡೆದ್ಮೇಲೆ ಯಾರೋ ಕೂಗಿ ಹೇಳೋರು. ಆಟೋದಲ್ಲಿ ಬ್ರೇಕ್ ಮೇಲೆ ಕಾಲಿದ್ಯೋ ಇಲ್ವೋ ಅಂತ ಬಗ್ಗಿ ನೋಡ್ತಿದ್ದೆ, ವಯಸ್ಸಾಯ್ತು ಅನ್ಕೊಂಡಿದ್ದೆ, 47ಕ್ಕೇ. ಅದ್ರ ಹಿಂದಿನ ಬೇಸಿಗೇಲಿ ಊರ್ ಕಡೆ ದೇವಸ್ಥಾನದಲ್ಲಿ ಮಧ್ಯಾಹ್ನ ಹರಕೆ ಪ್ರದಕ್ಷಿಣೆ ಹಾಕಿದ್ದೆ, ಕಲ್ಲು ಕಾದು ಹೆಂಚಾಗಿತ್ತು, ಮಿಕ್ಕೋರೆಲ್ಲ ಕುಣೀತಿದ್ರು, ನಾನು ಮಾತ್ರ ಆರಾಮಾಗಿ ಹನ್ನೊಂದು ಸುತ್ತು ಮುಗಿಸ್ದೆ, ಭಕ್ತಿ ಅಂದ್ರು ಎಲ್ರೂ. ಮನೆಗೆ ಬಂದ್ಮೇಲೆ ಮೊಸಾಯಿಕ್ ನೆಲದ ಮೇಲೆ ಒದ್ದೆ ಹೆಜ್ಜೆ ನೋಡಿ ಮಗಳು ಕೂಗ್ಕೊಂಡ್ಲು, ಬೊಬ್ಬೆ ಒಡ್ದಿತ್ತು.

ಆ ಥೀಸಿಸ್ ಹುಡುಗಿ ಇರ್ಲಿಲ್ಲ ಅಂದ್ರೆ ಬೆರಳು ಕಳ್ಕೊಳೋವರ್ಗೂ ನಂಗೆ ಗೊತ್ತಾಗ್ತಿರ್ಲಿಲ್ಲ. ಈಗ ಶುಗರ್ ಕಾಲಿಗೆ ಅಂತಾನೇ ಮಾಡೋ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ, ರಾತ್ರಿ ಮಗಳು ಮೊಬೈಲ್ ಟಾರ್ಚ್ ಹಾಕಿ ಪಾದ ನೋಡ್ತಾಳೆ. ಸ್ಟಡಿಗೆ ದುಡ್ಡೇನೂ ಕೊಡ್ಲಿಲ್ಲ, ಒಂದ್ ಟೀ ಕೊಡ್ಸಿದ್ರು. ಸಕ್ಕರೆ ಇಲ್ದೇ.


ಕಡ್ಲೆಪುರಿ_ಕೃಷ್ಣ:

ಎಲ್ಲ ಸರಿ, ಎಲ್ಲ ಫಾರಿನ್ ಲೆಕ್ಕಾನೇ ಹೇಳ್ತಿದೀರ. ಬ್ರೆಡ್ ತಿನ್ನೋರ್ ಮೇಲೆ ಮಾಡಿದ್ದು ಮುದ್ದೆ ತಿನ್ನೋರ್ಗೆ ಹೆಂಗೆ ಒಪ್ಪತ್ತೆ?


ಲೆಕ್ಕದ_ಮೇಷ್ಟ್ರು_ಜಯನಗರ:

ಕೃಷ್ಣ ಅವ್ರೇ, ಈ ಪ್ರಶ್ನೆ ಬಹಳ ಒಳ್ಳೇದು, ವ್ಯಂಗ್ಯ ಮಾಡ್ತಿಲ್ಲ. ನಿಜವಾಗ್ಲೂ ನಮ್ಮ ಮೈ ಬೇರೆ ಥರಾನೇ. 2004ರ ಇಂಟರ್‌ಹಾರ್ಟ್ ಸ್ಟಡೀಲಿ ಮೊದಲ್ನೇ ಹಾರ್ಟ್ ಅಟ್ಯಾಕ್ ಆದೋರ ವಯಸ್ಸು ನೋಡಿದ್ರೆ ನಮ್ಮ ಕಡೆ ದೇಶಗಳಲ್ಲಿ 53, ಮಿಕ್ಕ ಕಡೆ 58 ದಾಟಿತ್ತು. ಅದಕ್ಕೇ ಇಲ್ಲಿ ಸ್ಟಡಿ ಆಗ್ಬೇಕು, ಅದಕ್ಕೇ ಇಲ್ಲಿನ ಜನ ಸೇರ್ಬೇಕು. ನೀವು ಸೇರ್ಬೇಡಿ ಅಂತೀರ, ಆಮೇಲೆ ನಮ್ಮೋರ್ ಮೇಲೆ ಮಾಡೇ ಇಲ್ಲ ಅಂತೀರ, ಎರಡೂ ಒಟ್ಟಿಗೆ ಹೇಳೋಕಾಗಲ್ಲ!

ಆಗಿಲ್ಲ ಅಂತೇನಿಲ್ಲ. 2006ರಲ್ಲಿ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಂತ 531 ಜನ, ಎಲ್ಲ ನಮ್ ದೇಶದೋರೇ, ಗಡೀಲಿ ನಿಂತಿದ್ದೋರು, ಅಂದ್ರೆ ಶುಗರ್ ಇನ್ನೂ ಬಂದಿಲ್ಲ ಬರೋ ಹಂಗಿದೆ. ಸುಮ್ನೆ ಬಿಟ್ಟ ಗುಂಪಲ್ಲಿ ಮೂರು ವರ್ಷಕ್ಕೆ 55% ಜನಕ್ಕೆ ಶುಗರ್ ಬಂತು, ನಡಿಗೆ ಊಟ ಸರಿಮಾಡ್ಕೊಂಡೋರಲ್ಲಿ 39%. ಮೆಟ್‌ಫಾರ್ಮಿನ್ ಕೊಟ್ಟೋರಲ್ಲೂ ಹೆಚ್ಚುಕಮ್ಮಿ ಅಷ್ಟೇ, 500 ಮಿ.ಗ್ರಾಂ ಮಾತ್ರ ಕೊಟ್ಟಿದ್ದು. ನಮ್ಮ ಬೆಂಗಳೂರಿಂದಾನೇ, ಕೋರಮಂಗಲದ ಸೇಂಟ್ ಜಾನ್ಸ್‌ನೋರು ನಡೆಸಿದ ಪಾಲಿಕ್ಯಾಪ್ ಸ್ಟಡಿ ಇದೆ, ಬಿಪಿ ಕೊಲೆಸ್ಟ್ರಾಲ್ ಮಾತ್ರೆ ಎಲ್ಲ ಒಂದೇ ಕ್ಯಾಪ್ಸೂಲಲ್ಲಿ, 2009ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು, 50 ಆಸ್ಪತ್ರೆ, 2,053 ಜನ, ಎಲ್ಲ ಮುದ್ದೆ ಅನ್ನ ರೊಟ್ಟಿ ತಿನ್ನೋರೇ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನೋರು 1.13 ಲಕ್ಷ ಜನರನ್ನ ನೋಡಿ 2023ರಲ್ಲಿ ಹೇಳಿದ್ದು 11.4% ಜನಕ್ಕೆ ಶುಗರ್, ಅಂದ್ರೆ ಹತ್ತು ಕೋಟಿ ಮೇಲೆ.

ಮಧುನಾಶಿನಿ ಬಗ್ಗೆ ನಂಗೆ ದ್ವೇಷ ಇಲ್ಲ. ನಿಮ್ಮ ದೊಡ್ಡಪ್ಪಂದು ಎಸಿಆರ್ ಎಷ್ಟಿದೆ ಈಗ?


ಕಡ್ಲೆಪುರಿ_ಕೃಷ್ಣ:

ಎಸಿಆರ್ ಮಾಡ್ಸಿಲ್ಲ ಸಾರ್. ಮಾಡ್ಸ್ತೀನಿ. ಎಷ್ಟಾಗತ್ತೆ ಅದು, ಕೆಸಿ ಜನರಲ್ ಆಸ್ಪತ್ರೇಲಿ ಮಾಡ್ತಾರಾ?


ಬಿಳಿಕೋಟು_ಅಲ್ಲದ_ಅಕ್ಕ:

ಫೋನ್ ಮಾಡಿ ಕೇಳ್ಕೊಂಡು ಹೋಗಿ. ಬೆಳಗಿನ ಮೊದಲ್ನೇ ಮೂತ್ರ ಆದ್ರೆ ಒಳ್ಳೇದು, ಜ್ವರ ಇದ್ದಾಗ ಬೇಡ, 30ರ ಒಳಗಿದ್ರೆ ನಿಶ್ಚಿಂತೆ. ಒಂದ್ಸಲ ಜಾಸ್ತಿ ಬಂತು ಅಂತ ಹೆದರ್ಬೇಡಿ, ಮೂರರಿಂದ ಆರು ತಿಂಗಳೊಳಗೆ ಇನ್ನೊಂದೆರಡು ಸಲ ಮಾಡ್ಸಿ ನೋಡ್ತಾರೆ.


ಶ್ರೀನಗರ_ಬಸ್‌ಸ್ಟಾಪ್:

ಅಪ್‌ಡೇಟ್. ಎಲ್ರಿಗೂ ಥ್ಯಾಂಕ್ಸ್, ಮೇಷ್ಟ್ರೇ ನಿಮ್ಮ ಮೊದಲ್ನೇ ಗೇರ್ ಉದಾಹರಣೆ ಕೇಳಿ ಅಪ್ಪ ಐದು ನಿಮ್ಷ ಸುಮ್ನಿದ್ದು "ಆ ಮಾತ್ರೆ ಎಲ್ಲಿಟ್ಟಿದ್ಯೇ" ಅಂತ ಅಮ್ಮನ್ನ ಕೇಳಿದ್ರು. ಡಾಕ್ಟ್ರು ಅದ್ರ ಡೋಸ್ ಅರ್ಧ ಮಾಡಿ ಡಪಾಗ್ಲಿಫ್ಲೋಜಿನ್ ಶುರು ಮಾಡಿದಾರೆ. ಸ್ಟಡೀಲೂ ಅದು ನಡೀತಾನೇ ಇರತ್ತಂತೆ, ಹೊಸ ಮಾತ್ರೆ ಇಲ್ಲಾ ಸಪ್ಪೆ ಮಾತ್ರೆ ಅದ್ರ ಮೇಲೆ. ಸಿಟಿಆರ್‌ಐ ನಂಬರ್ ಹಾಕಿ ನೋಡ್ದೆ, ಎಲ್ಲ ಸಿಕ್ತು. ಎಥಿಕ್ಸ್ ಕಮಿಟಿ ನಂಬರಿಗೆ ಸುಮ್ನೆ ಫೋನ್ ಮಾಡ್ದೆ, ಎತ್ತಿದ್ರು!

ಅಪ್ಪ ಅಲ್ಲಿ ಕೂತ್ಕೊಂಡು ಅವ್ರೇ ಒಂದು ಪ್ರಶ್ನೆ ಕೇಳಿದ್ರು, ನಂಗೂ ಹೊಳ್ದಿರ್ಲಿಲ್ಲ. "ನಿಮ್ ಮಾತ್ರೆ ಕೆಲ್ಸ ಮಾಡ್ತು ಅನ್ಕೊಳ್ಳಿ, ಸ್ಟಡಿ ಮುಗಿದ್ ದಿನ ನಿಲ್ಲಿಸ್ಬಿಟ್ರೆ ನಾನೇನ್ ಮಾಡ್ಲಿ?" ಕೋಆರ್ಡಿನೇಟರ್ ಹುಡುಗ ಪೇಜ್ ತಿರುವಿ ತಿರುವಿ ನೋಡಿ, ಕೇಳಿ ಹೇಳ್ತೀನಿ ಅಂಕಲ್ ಅಂದ. ಇನ್ನೂ ಹೇಳಿಲ್ಲ. ಹೇಳೋವರ್ಗೂ ಮುಂದಿಂದಕ್ಕೆ ಸೈನ್ ಇಲ್ಲ ಅಂತ ಅಪ್ಪ ಹಠ ಹಿಡ್ಕೊಂಡಿದಾರೆ, ಸ್ಕ್ರೀನಿಂಗ್ ಟೆಸ್ಟಿಗೆ ಮಾತ್ರ ಒಪ್ಪಿ ಸೈನ್ ಹಾಕಿದ್ರು.

ಆ ಟೆಸ್ಟಲ್ಲೇ ಒಂದು ಎಡವಟ್ಟು. ಪೊಟ್ಯಾಶಿಯಂ 5.4 ಬಂದಿದೆ, ಇಷ್ಟಿದ್ರೆ ಸ್ಟಡಿಗೆ ತಗೊಳೋಕಾಗಲ್ಲ, ಆ ಹೊಸ ಮಾತ್ರೇನೂ ಪೊಟ್ಯಾಶಿಯಂ ಏರ್ಸತ್ತಂತೆ. ಏನ್ ತಿಂತೀರ ಏನ್ ಕುಡೀತೀರ ಅಂತ ಡಾಕ್ಟ್ರು ಒಂದೊಂದಾಗಿ ಕೇಳ್ತಾ ಹೋದ್ರು. ಶುಗರ್‌ಗೆ ತಂಪು, ಕಿಡ್ನಿಗೆ ಒಳ್ಳೇದು ಅಂತ ಯಾರೋ ಹೇಳಿದ್ರಂತೆ, ವಾಕಿಂಗ್ ಮುಗಿಸ್ಕೊಂಡು ಪಾರ್ಕ್ ಗೇಟ್ ಹತ್ರ ದಿನಾ ಎರಡು ಎಳನೀರು, ನಮಗ್ಯಾರಿಗೂ ಹೇಳ್ದೇನೇ. ಟೆಲ್ಮಿಸಾರ್ಟನ್ನೂ ಪೊಟ್ಯಾಶಿಯಂ ಹಿಡಿದಿಡತ್ತೆ, ಅದ್ರ ಮೇಲೆ ಇದು. ಎಳನೀರು ಪೂರ್ತಿ ಬಂದ್, ಈ ವಾರ ಒಂದ್ಸಲ, ಹದಿನೈದು ದಿನ ಬಿಟ್ಟು ಇನ್ನೊಂದ್ಸಲ ಬ್ಲಡ್ ಟೆಸ್ಟ್.

ನಿನ್ನೆ ಬೆಳಿಗ್ಗೆ ನಾನೂ ಜೊತೆಗೆ ವಾಕಿಂಗ್ ಹೋಗಿದ್ದೆ. ಎಳನೀರಿನವನು ಅಪ್ಪನ್ನ ನೋಡಿದ ತಕ್ಷಣ ಮಚ್ಚು ಎತ್ಕೊಂಡು ಗಂಜಿ ಇರೋದಾ ಸಾರ್ ಅಂದ. ಅಪ್ಪ ನನ್ನ ಮುಖ ನೋಡಿದ್ರು.